ಎರಡು ತುತ್ತಿಗೇ ಎದೆ ಹಿಡಿಯುತ್ತದೆ

ಪ್ರಶ್ನೆ: ತೂಕ ಇಳಿಸಲು ಆಪರೇಷನ್ ಮಾಡಿಸಿ, ಜಠರದ ಸುತ್ತ ಬ್ಯಾಂಡ್ ಹಾಕಿಸಿಕೊಂಡು ಮೂರು ತಿಂಗಳಾಯಿತು. ಎರಡು ತುತ್ತು ಬ್ರೆಡ್ ತಿಂದರೆ ಸಾಕು, ಎದೆ ಹಿಡಿದಂತಾಗಿ ಬಾಯಲ್ಲಿ ನೀರು ತುಂಬುತ್ತದೆ. ಆಮೇಲೆ ವಾಂತಿ. ಎಲ್ಲರ ಜೊತೆ ಊಟಕ್ಕೆ ಕೂರಲೂ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು. ನನಗೂ ಬ್ಯಾಂಡ್ ಹಾಕಿ ಆರು ವರ್ಷವಾಯಿತು. ಶುರುವಿನಲ್ಲಿ ಬೇಯಿಸಿದ ಮೊಟ್ಟೆಯ ಚೂರೊಂದು ಸಿಕ್ಕಿಕೊಂಡು, ಸಿಂಕ್ ಹಿಡಿದು ಅರ್ಧ ಗಂಟೆ ನಿಂತಿದ್ದೆ.

ಬ್ಯಾಂಡಿನ ಮೇಲೆ ಈಗ ಉಳಿದಿರುವುದು ಪುಟ್ಟ ಚೀಲದಷ್ಟು ಜಾಗ. ಕೆಳಗೆ ಇಳಿಯುವ ದಾರಿ ಕಿರಿದು. ಬ್ರೆಡ್ ಮೆತ್ತಗೆ ಕಂಡರೂ ಉಂಡೆಯಾಗಿ ಅಲ್ಲೇ ಕೂತುಬಿಡುತ್ತದೆ. ಒಣಗಿದ ಮಾಂಸವೂ ಹಾಗೇ. ನಾನು ಚಿಕ್ಕ ಚಮಚದಲ್ಲಿ ತಿನ್ನುತ್ತೇನೆ. ತುತ್ತು ಪೂರ್ತಿ ನುಣ್ಣಗಾಗುವವರೆಗೆ ಅಗಿದು, ನುಂಗಿ, ಚಮಚ ಕೆಳಗಿಡುತ್ತೇನೆ. ಒಂದು ನಿಮಿಷ ಬಿಟ್ಟು ಇನ್ನೊಂದು ತುತ್ತು. ಎದೆ ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ತಟ್ಟೆಯಲ್ಲಿ ಉಳಿದರೆ ಉಳಿಯಲಿ. ಇದನ್ನು ಒಪ್ಪಿಕೊಳ್ಳೋಕೆ ನನಗೆ ತುಂಬಾ ದಿನ ಬೇಕಾಯಿತು.

ಸಿಕ್ಕಿಕೊಂಡದ್ದನ್ನು ತಳ್ಳಲು ನೀರು ಕುಡಿಯಬೇಡಿ. ಊಟವಾದ ಅರ್ಧ ಗಂಟೆ ಮೇಲೆ ಕುಡಿಯಿರಿ. ಗ್ಯಾಸ್ ತುಂಬಿದ ಪಾನೀಯ ಬೇಡವೇ ಬೇಡ. ಐಸ್‌ಕ್ರೀಮ್ ಸಲೀಸಾಗಿ ಇಳಿಯುತ್ತದೆ ಅಲ್ವಾ, ಆದರೆ ಅದನ್ನೇ ಊಟ ಮಾಡಿಕೊಂಡರೆ ತೂಕ ಇಳಿಯುವುದಿಲ್ಲ.

ಪದೇ ಪದೇ ವಾಂತಿಯಾಗುವುದನ್ನು ಮಾತ್ರ ಸುಮ್ನೆ ಸಹಿಸಬೇಡಿ. ಬಿಗಿ ಜಾಸ್ತಿಯಾಗಿರಬಹುದು, ಬ್ಯಾಂಡ್ ಜಾರಿರಲೂಬಹುದು. ಬಿಗಿಯೇ ಕಾರಣವಾದರೆ, ಬ್ಯಾಂಡಿಗೆ ಜೋಡಿಸಿ ಚರ್ಮದಡಿ ಇಟ್ಟಿರುವ ಪುಟ್ಟ ಪೋರ್ಟ್‌ಗೆ ಸೂಜಿ ಹಾಕಿ, ಬ್ಯಾಂಡಿನೊಳಗಿನ ಸಲೈನ್ (ಉಪ್ಪುನೀರು) ಸ್ವಲ್ಪ ತೆಗೆದು ಸಡಿಲ ಮಾಡುತ್ತಾರೆ. ನಿಮ್ಮ ಸರ್ಜನ್ನರನ್ನು ಈ ವಾರವೇ ನೋಡಿ. ನೀರೂ ಇಳಿಯದಿದ್ದರೆ ಅಥವಾ ಜೋರಾಗಿ ಹೊಟ್ಟೆ ನೋವು ಬಂದರೆ ಆಗಲೇ ಆಸ್ಪತ್ರೆಗೆ ಹೊರಡಿ.