ಪುಣೆಯ ಕನ್ನಡ ಕಟ್ಟಡ ಕಾರ್ಮಿಕರಲ್ಲಿ ಟಿಬಿ ಅರಿವಿನ ಸರ್ವೆ ಮಾಡಬೇಕು. 200 ಫಾರ್ಮ್ ಸಾಕಾ, ಗುಂಪು ಚರ್ಚೆಯೂ ಬೇಕಾ?

200 ಫಾರ್ಮ್ ಅಂದ ಕೂಡಲೇ ನನ್ನ 64 ಫಾರ್ಮ್ ನೆನಪಾದವು. ಇನ್ನೂ ಅಟ್ಟದ ಮೇಲಿವೆ, ರದ್ದಿಗೂ ಹಾಕಿಲ್ಲ.

ನಿಮ್ಮದು ಟಿಬಿ, ಪುಣೆ. ನನ್ನದು ಮಲೇರಿಯಾ, ಗೋವಾ. ಉಳಿದದ್ದೆಲ್ಲ ಒಂದೇ. ಬಾಗಲಕೋಟೆ, ವಿಜಯಪುರ, ಕೊಪ್ಪಳದಿಂದ ಬಂದ ಕೆಲಸದವರು, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಎಂಎ) ಪ್ರಾಜೆಕ್ಟು, ‘ನಿನಗೆ ಕನ್ನಡ ಬರುತ್ತಲ್ಲ’ ಅಂತ ಗೈಡ್ ತಲೆಗೆ ಕಟ್ಟಿದ ವಿಷಯ. ನಾನು ಹಾಸನದವಳು. ಆ ಕೆಲಸದವರ ಕನ್ನಡ ಮೊದಲ ದಿನ ಅರ್ಧ ತಿಳಿಯಲೇ ಇಲ್ಲ, ಅದು ಬೇರೆ ಮಾತು.

ಜುಲೈ ತಿಂಗಳು, ತಾಳಗಾಂವ್‌ನ ಒಂದು ಸೈಟು. ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಕೊನೆಗೆ ಮೇಸ್ತ್ರಿಯೇ ಬಂದು, ‘ಬರ್ರಿ ಮೇಡಂ, ನಾನ ಕರಕೊಂಡ ಹೋಗ್ತೀನಿ’ ಅಂದರು. ಒಳ್ಳೆ ಮನುಷ್ಯ, ಪಾಪ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಒಬ್ಬೊಬ್ಬರನ್ನೇ ಕೂಗಿ ಕರೆದರು. ನಾನು ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡ್ ನೇತುಹಾಕಿಕೊಂಡು, ತೊಡೆ ಮೇಲೆ ಪ್ಯಾಡ್ ಇಟ್ಟುಕೊಂಡು ಖುಷಿಯಾಗಿ ಕೂತೆ.

ಇದೇ ತಪ್ಪು. ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ. ಗೋವಾದಲ್ಲಿ ಹೊರಗಿನಿಂದ ಬಂದ ಕಟ್ಟಡ ಕಾರ್ಮಿಕರಿಗೆ ಹೆಲ್ತ್ ಕಾರ್ಡ್ ಇರಬೇಕು. ಮಲೇರಿಯಾಗೆ ರಕ್ತ ಪರೀಕ್ಷೆ ಮಾಡಿ ಕೊಡ್ತಾರೆ. ಹಾಗಾಗಿ ಕೊರಳಿಗೆ ಪಟ್ಟಿ ಹಾಕಿಕೊಂಡು ‘ಮಲೇರಿಯಾ’ ಅನ್ನುವವರೆಲ್ಲ ಅವರ ಕಣ್ಣಿಗೆ ಕಾರ್ಡ್ ನೋಡೋಕೆ ಬಂದವರೇ. ಪಕ್ಕದಲ್ಲಿ ಮೇಸ್ತ್ರಿ. ಊರಿಂದ ಕರೆತಂದವರು ಅವರೇ, ಮುಂಗಡ ಕೊಟ್ಟವರು ಅವರೇ, ಪಗಾರ ಎಣಿಸುವವರೂ ಅವರೇ. ಜ್ವರ ಬಂದಿತ್ತು ಅಂದರೆ ನಾಳೆಯ ಹಾಜರಿ ಹೋಗುತ್ತೆ. ಗುಳಿಗೆ ನುಂಗಲಿಲ್ಲ ಅಂದರೆ ಅವರ ಮುಂದೆ ಮಾನ ಹೋಗುತ್ತೆ. ಯಾರು ಬಾಯಿ ಬಿಡ್ತಾರೆ? ಮೇಸ್ತ್ರಿ ಯಾರಿಗೂ ಒಂದು ಮಾತು ಅನ್ನಲಿಲ್ಲ. ಸುಮ್ನೆ ನಿಂತಿದ್ದರು, ಅಷ್ಟೇ ಸಾಕಾಯ್ತು.

ಉತ್ತರಗಳಂತೂ ಚಿನ್ನ. ಮಲೇರಿಯಾ ಹೇಗೆ ಬರುತ್ತೆ? ‘ಸೊಳ್ಳಿ ಕಡದ್ರ ಬರ್ತೈತ್ರಿ.’ ತಡೆಯೋದು ಹೇಗೆ? ‘ನೀರ ನಿಂದ್ರಸಬಾರ್ದರಿ, ಪರದೆ ಕಟ್ಟಬೇಕ್ರಿ.’ 64 ಜನ, ಅದೇ ಮಾತು, ಅದೇ ಕ್ರಮ. ನನ್ನ ಬೆನ್ನ ಹಿಂದೆ ತಗಡಿಗೆ ಅಂಟಿಸಿದ್ದ ಚಿತ್ರದ ಪೋಸ್ಟರ್ ನೋಡಿಕೊಂಡು ಹೇಳ್ತಿದ್ದಾರೆ ಅಂತ ನನಗೆ ಹೊಳೆಯಲೇ ಇಲ್ಲ. ಗೈಡ್ ಫೋಟೋ ನೋಡಿ ತೋರಿಸಿದರು. ಫಾರ್ಮೆಲ್ಲ ವಾಪಸ್. ಅಷ್ಟರಲ್ಲಿ ಮಳೆಗಾಲ ಮುಗಿಯುತ್ತಾ ಬಂದಿತ್ತು. ಇನ್ನೊಂದು ಸೆಮಿಸ್ಟರ್ ಫೀಸು ಕಟ್ಟಿದೆ. ಅಪ್ಪನಿಗೆ ಕಾರಣ ಇವತ್ತಿಗೂ ಸರಿಯಾಗಿ ಹೇಳಿಲ್ಲ.

ಮತ್ತೆ ಹೋದದ್ದು ಭಾನುವಾರ ಸಂಜೆ, ಸೈಟಿನ ಹಿಂದಿನ ತಗಡಿನ ಶೆಡ್ಡುಗಳಿಗೆ. ಇಳಕಲ್ ಕಡೆಯ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದರು. ನನ್ನ ಮುಖ ನೋಡಿ, ‘ನೀವು ಕಾರ್ಡಿನ ಅಕ್ಕಾರ ಅಲ್ಲೇನ್ರಿ?’ ಅಂದರು. ಅಲ್ಲ ಅಂತ ನಂಬಿಸೋಕೆ ಎರಡು ರೊಟ್ಟಿ, ಶೇಂಗಾ ಚಟ್ನಿ ತಿನ್ನಬೇಕಾಯ್ತು. ‘ಹೋದ ಸಲ ಜ್ವರ ಬಂದಾಗ ಏನಾಯ್ತು ಅಕ್ಕಾ?’ ಅಂತ ಕೇಳಿದೆ, ಅಷ್ಟೇ. ಮೊದಲು ಇಲ್ಲಿಯ ನೀರು ಹಿಡಿಸಿಲ್ಲ ಅಂದುಕೊಂಡರಂತೆ. ಆಮೇಲೆ ಥಂಡಿ ಹತ್ತಿ ನಡುಗಿದರಂತೆ. ರಕ್ತ ನೋಡಿ ಗುಳಿಗೆ ಕೊಟ್ಟರಂತೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಖಾರದ ಡಬ್ಬಿ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಒಳಗೆ 9 ಗುಳಿಗೆ.

ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾಗೆ ಕ್ಲೋರೋಕ್ವಿನ್ ಗುಳಿಗೆ 3 ದಿನ, ಪ್ರೈಮಾಕ್ವಿನ್ 14 ದಿನ ಕೊಡ್ತಾರೆ. ಮೊದಲನೆಯದಕ್ಕೆ ಜ್ವರ ಇಳಿಯುತ್ತೆ. ಎರಡನೆಯದು ಲಿವರ್‌ನಲ್ಲಿ ಅಡಗಿ ಕೂತ ರೋಗಾಣುವನ್ನು ಕೊಲ್ಲೋಕೆ. ಅದನ್ನು ಬಿಟ್ಟರೆ ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಜ್ವರ ಬರಬಹುದು. ಇವರು 5 ದಿನಕ್ಕೆ ನಿಲ್ಲಿಸಿದ್ದರು. ‘ಉಷ್ಣ ಆಕ್ಕೈತ್ರಿ, ಹೊಟ್ಟಿ ತೊಳಸ್ತೈತಿ. ಜ್ವರಾನೂ ಬಿಟ್ಟಿತ್ತು. ಉಳದದ್ದು ಮುಂದಿನ ಜ್ವರಕ್ಕ ಇಟ್ಟೀನಿ, ಒಂದಿನದ ಪಗಾರ ಉಳೀತೈತಿ.’ ಖಾಲಿ ಹೊಟ್ಟೆಗೆ ಆ ಗುಳಿಗೆ ನಿಜಕ್ಕೂ ಹೊಟ್ಟೆ ಕೆಡಿಸುತ್ತೆ. ನನ್ನ ಫಾರ್ಮಿನ ಪ್ರಕಾರ ಇದಕ್ಕೆ ನಾನು ‘ತಪ್ಪು ನಂಬಿಕೆ’ ಅಂತ ಟಿಕ್ ಹಾಕಬೇಕಿತ್ತು! ಪೊಟ್ಟಣ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಅಂತ ಹೇಳಿ ಬಂದೆ. ಹೋದರೋ ಇಲ್ಲವೋ.

ಸೊಳ್ಳೆ ವಿಷಯವೂ ಅವರಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಸ್ಲ್ಯಾಬ್ ಹಾಕಿದ ಮೇಲೆ ಕ್ಯೂರಿಂಗ್‌ಗೆ, ಅಂದ್ರೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ, ಹೊಲದ ಮಡಿ ಥರ ಸಣ್ಣ ಬದು ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸ್ತಾರೆ. ಮೊಟ್ಟೆ ಸೊಳ್ಳೆಯಾಗಿ ಹಾರೋಕೂ ಒಂದು ವಾರ, ಹತ್ತು ದಿನ ಸಾಕು. ನೀರು ನಿಲ್ಲಿಸಿ ಅಂತ ಎಂಜಿನಿಯರ್, ನಿಲ್ಲಿಸಬೇಡಿ ಅಂತ ಪೋಸ್ಟರ್. ‘ಯಾರ ಮಾತ ಕೇಳೂಣ್ರಿ?’ ಅಂತ ಆಕೆಯ ಗಂಡ ನಕ್ಕರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣ್ತಿಲ್ಲ. ಅರಿವು ಅಳೆಯೋಕೆ ಯಾಕೆ ಹೋಗ್ತೀರಿ? ಎರಡು ವಾರ ಕೆಮ್ಮಿದರೆ ಕಫ ಪರೀಕ್ಷೆ ಮಾಡಿಸಬೇಕು ಅಂತ ಅವರೂ ಒಪ್ಪಿಸ್ತಾರೆ, ನೀವೂ ಬರೆದುಕೊಂಡು ಬರ್ತೀರಿ. ಟಿಬಿ ಗುಳಿಗೆ ಸಾಮಾನ್ಯವಾಗಿ 6 ತಿಂಗಳು. ಸೈಟು ಅದಕ್ಕಿಂತ ಮೊದಲೇ ಬದಲಾಗುತ್ತೆ. ನಿಕ್ಷಯ್ (ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ಪಟ್ಟಿ) ನೋಂದಣಿಯನ್ನು ಬೇರೆ ಊರಿಗೆ ವರ್ಗ ಮಾಡಿಸಬಹುದು ಅಂತ ಅವರಿಗೆ ಯಾರಾದರೂ ಹೇಳಿದ್ದಾರಾ? ಟಿಬಿ ರೋಗಿಗೆ ಸರ್ಕಾರ ಕೊಡೋ ತಿಂಗಳ 1000 ರೂಪಾಯಿ ಪೋಷಣೆಯ ಹಣ ಯಾರ ಖಾತೆಗೆ ಬೀಳುತ್ತೆ? ಇವನ್ನು ಕೇಳಿ.

ಗುಂಪು ಚರ್ಚೆ ಬೇಡವೇ ಬೇಡ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಶೆಡ್ಡಿನವರ ಮುಂದೆ ಟಿಬಿ ಅಂತ ಯಾರೂ ಉಸಿರೆತ್ತಲ್ಲ. 200 ಫಾರ್ಮ್ ಗೈಡ್‌ಗೆ ಬೇಕೇ ಬೇಕು ಅಂದರೆ ಆಮೇಲೆ ತುಂಬಿಸಿ, ಮೊದಲು ಹದಿನೈದು ಇಪ್ಪತ್ತು ಜನರ ಹತ್ತಿರ ಕೂತು ಕಾಯಿಲೆಯ ಕಥೆ ಕೇಳಿ. ಮೇಸ್ತ್ರಿ ಹೂಂ ಅಂದರೆ ಅದು ಮೇಸ್ತ್ರಿಯ ಒಪ್ಪಿಗೆ ಮಾತ್ರ, ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಬೇಕು. ಐಡಿ ಕಾರ್ಡ್ ಬ್ಯಾಗಿನಲ್ಲಿರಲಿ, ಕೇಳಿದರೆ ತೋರಿಸಿ. ನಾಗರಪಂಚಮಿ ವಾರ ಹೋಗಬೇಡಿ, ಶೆಡ್ಡೆಲ್ಲ ಖಾಲಿ. ಅದರ ಹಿಂದಿನ ವಾರ ಹೋಗಿ, ಊರಿಗೆ ಹೊರಟವರು ಗಂಟಿನಲ್ಲಿ ಎಷ್ಟು ದಿನದ ಗುಳಿಗೆ ಕಟ್ಟಿಕೊಂಡಿದ್ದಾರೆ ಅಂತ ನೋಡಿ.