ವೇದಿಕೆಯಲ್ಲಿ ಡಿಜಿಟಲ್ ಗಿಟಾರ್: ಕಾಲಿಗೂ ಕೈಗೂ ಸಿಗುವ ಹಾಗೆ

ಪ್ರಶ್ನೆ: ನನ್ನ ಬಳಿ ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ (ಗಿಟಾರ್ ಸದ್ದಿಗೆ ಆಂಪ್, ಎಫೆಕ್ಟ್‌ಗಳನ್ನು ಡಿಜಿಟಲ್ ಆಗಿ ಸೇರಿಸುವ, ಕಾಲಿನಿಂದ ನಡೆಸುವ ಪ್ರೊಸೆಸರ್) ಇದೆ. ಹಾಡಿನ ಮಧ್ಯೆ ಕ್ಲೀನ್ ಪ್ರಿಸೆಟ್‌ನಿಂದ (ಮೊದಲೇ ಹೊಂದಿಸಿ ಸೇವ್ ಮಾಡಿದ ಸದ್ದಿನಿಂದ) ಸೋಲೋಗೆ ಬೇಕಾದ ಲೀಡ್ ಪ್ರಿಸೆಟ್‌ಗೆ ಹೋದಾಗ ಸದ್ದು ಕ್ಷಣಕಾಲ ನಿಂತುಬಿಡುತ್ತದೆ, ಡಿಲೇ (ಪ್ರತಿಧ್ವನಿ) ಕೂಡ ಅರ್ಧಕ್ಕೇ ಕಡಿದುಹೋಗುತ್ತದೆ. ಮೆಷಿನ್ ಕೆಟ್ಟಿದೆಯೇ? ಸೋಲೋ ಕೂಡ ಡ್ರಮ್ಸ್ ನಡುವೆ ಕೇಳಿಸುವುದಿಲ್ಲ.
— ಓದುಗರು, ಶಿವಮೊಗ್ಗ

ಉತ್ತರ: ಮೆಷಿನ್ ಸರಿಯಾಗಿಯೇ ಇದೆ. ಪ್ರಿಸೆಟ್ ಬದಲಿಸಿದಾಗ ಒಳಗಿನ ಪ್ರೊಸೆಸರ್ ಹಳೆಯ ಆಂಪ್, ಕ್ಯಾಬ್ (ಸ್ಪೀಕರ್ ಪೆಟ್ಟಿಗೆಯ ಅನುಕರಣೆ), ಎಫೆಕ್ಟ್‌ಗಳನ್ನೆಲ್ಲ ಇಳಿಸಿ ಹೊಸದನ್ನು ಏರಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಸದ್ದು ನಿಲ್ಲುತ್ತದೆ, ಡಿಲೇ ಹಿಡಿದಿಟ್ಟುಕೊಂಡಿದ್ದೂ ಅಳಿಸಿಹೋಗುತ್ತದೆ. ಆದ್ದರಿಂದ ಒಂದು ಹಾಡಿಗೆ ಒಂದೇ ಪ್ರಿಸೆಟ್ ಇಟ್ಟುಕೊಂಡು, ಅದರೊಳಗೆ ಸ್ನ್ಯಾಪ್‌ಶಾಟ್ (ಅದೇ ಪ್ರಿಸೆಟ್‌ನ ಬೇರೆ ಬೇರೆ ಹೊಂದಾಣಿಕೆ) ಬದಲಿಸಿ. ಪ್ರಿಸೆಟ್ ಬದಲಾವಣೆ ಎರಡು ಹಾಡುಗಳ ನಡುವೆ, ಚಪ್ಪಾಳೆ ಬೀಳುವಾಗ ಆಗಲಿ.

ಸ್ನ್ಯಾಪ್‌ಶಾಟ್ 1 ಕ್ಲೀನ್, 2 ರಿದಮ್, 3 ಲೀಡ್. ಎಲ್ಲ ಹಾಡಿಗೂ ಇದೇ ಕ್ರಮ ಇರಲಿ, ಆಗ ಕಾಲು ತಡಕಾಡುವುದಿಲ್ಲ. ಯಾವ ಬ್ಲಾಕ್ (ಪ್ರಿಸೆಟ್‌ನೊಳಗಿನ ಒಂದೊಂದು ಆಂಪ್ ಅಥವಾ ಎಫೆಕ್ಟ್) ಆನ್, ಯಾವುದು ಆಫ್ ಎಂಬುದನ್ನು ಸ್ನ್ಯಾಪ್‌ಶಾಟ್ ತಾನೇ ನೆನಪಿಟ್ಟುಕೊಳ್ಳುತ್ತದೆ. ಆದರೆ ಆಂಪ್‌ನ ಡ್ರೈವ್, ಡಿಲೇಯ ಮಿಕ್ಸ್ ಇಂಥವು ತಾವಾಗಿಯೇ ಸೇರುವುದಿಲ್ಲ. ಆ ನಾಬ್ ಅನ್ನು ಒತ್ತಿ ಹಿಡಿದುಕೊಂಡೇ ತಿರುಗಿಸಬೇಕು. ಪರದೆಯಲ್ಲಿ ಅಂಕಿಯ ಎರಡೂ ಪಕ್ಕ ಬ್ರ್ಯಾಕೆಟ್ ಬಂತೆಂದರೆ ಅದು ಸ್ನ್ಯಾಪ್‌ಶಾಟ್‌ಗೆ ಸೇರಿದೆ. ಅನೇಕರು ಎಡವುವುದು ಇಲ್ಲೇ: ಬರೀ ತಿರುಗಿಸಿ ಸೇವ್ ಮಾಡುತ್ತಾರೆ, ಆ ಬದಲಾವಣೆ ಮೂರೂ ಸ್ನ್ಯಾಪ್‌ಶಾಟ್‌ಗಳಿಗೆ ತಗಲಿರುತ್ತದೆ.

ಡಿಲೇ, ರಿವರ್ಬ್ ಬ್ಲಾಕ್‌ಗಳಲ್ಲಿ ಟ್ರೇಲ್ಸ್ ಆನ್ ಮಾಡಿ. ಬ್ಲಾಕ್ ಆಫ್ ಆದರೂ ಕೊನೆಯ ಪ್ರತಿಧ್ವನಿ ತಾನಾಗಿ ಕರಗುತ್ತದೆ. ಆದರೆ ಒಂದೇ ಡಿಲೇಯ ಟೈಮ್ ಅನ್ನು ಸ್ನ್ಯಾಪ್‌ಶಾಟ್‌ಗಳ ನಡುವೆ ಬದಲಿಸಬೇಡಿ. ಪ್ರತಿಧ್ವನಿ ಇನ್ನೂ ಕೇಳುತ್ತಿರುವಾಗಲೇ ಟೈಮ್ ಬದಲಾದರೆ ಅದರ ಶ್ರುತಿ ಜಾರಿ ವಿಕಾರವಾಗಿ ಕೇಳುತ್ತದೆ. ಬೇರೆ ಟೈಮ್ ಬೇಕೇಬೇಕೆಂದರೆ ಎರಡು ಡಿಲೇ ಬ್ಲಾಕ್ ಇಡಿ.

ಇನ್ನು ಸೋಲೋ. ಕೇಳಿಸಲಿ ಎಂದು ಡ್ರೈವ್ ಏರಿಸಿದರೆ ಸದ್ದು ಇನ್ನಷ್ಟು ಅದುಮಿಕೊಂಡು ಬ್ಯಾಂಡಿನೊಳಗೆ ಹೂತುಹೋಗುತ್ತದೆ. ಆಂಪ್ ಮತ್ತು ಕ್ಯಾಬ್ ಆದಮೇಲೆ ಒಂದು ಗೇನ್ ಬ್ಲಾಕ್ ಇಟ್ಟು, ಲೀಡ್ ಸ್ನ್ಯಾಪ್‌ಶಾಟ್‌ನಲ್ಲಿ ಮಾತ್ರ 3 ಡೆಸಿಬಲ್ ಏರಿಸಿ, ಮಿಡ್ ತುಸು ಹೆಚ್ಚಿಸಿ. ಇದನ್ನು ಹೆಡ್‌ಫೋನ್‌ನಲ್ಲಿ ಅಲ್ಲ, ಡ್ರಮ್ಸ್ ನುಡಿಯುತ್ತಿರುವಾಗ ದೊಡ್ಡ ಸ್ಪೀಕರ್‌ನಲ್ಲಿ ಕೇಳಿ ಹೊಂದಿಸಬೇಕು.

ಕೊನೆಯದಾಗಿ, ಗ್ಲೋಬಲ್ ಸೆಟ್ಟಿಂಗ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ಎಡಿಟ್ಸ್ ಎಂಬ ಆಯ್ಕೆ ನೋಡಿ. ಡಿಸ್ಕಾರ್ಡ್ ಇಟ್ಟರೆ, ಆವೇಶದಲ್ಲಿ ಏನೇ ತಿರುಗಿಸಿದ್ದರೂ ಆ ಸ್ನ್ಯಾಪ್‌ಶಾಟ್‌ಗೆ ಮರಳಿದಾಗ ಸೇವ್ ಮಾಡಿದ ಸದ್ದೇ ಸಿಗುತ್ತದೆ. ರೀಕಾಲ್ ಇಟ್ಟರೆ ತಿರುಗಿಸಿದ್ದು ಉಳಿಯುತ್ತದೆ. ಅಭ್ಯಾಸಕ್ಕೆ ರೀಕಾಲ್, ವೇದಿಕೆಗೆ ಡಿಸ್ಕಾರ್ಡ್ ನಮ್ಮ ಆಯ್ಕೆ.

ಪ್ರಶ್ನೆ: ಬಾಸ್ ಕಂಪನಿಯ ಮಲ್ಟಿ ಎಫೆಕ್ಟ್‌ಗೆ ಬೇರೆ ಕಂಪನಿಯ ಎಕ್ಸ್‌ಪ್ರೆಶನ್ ಪೆಡಲ್ (ಕಾಲಿನಿಂದ ಒತ್ತಿ ಸದ್ದು ಮೆಲ್ಲಗೆ ಏರಿಳಿಸುವ ಪೆಡಲ್) ಹಾಕಿದ್ದೇನೆ. ವಾಲ್ಯೂಮ್ ಮೆಲ್ಲಗೆ ಏರುವ ಬದಲು ಒಂದು ತುದಿಯಲ್ಲಿ ಒಮ್ಮೆಲೇ ಜಿಗಿಯುತ್ತದೆ.
— ಓದುಗರು, ಧಾರವಾಡ

ಉತ್ತರ: ಮೊದಲು ಕೇಬಲ್‌ನ ಪ್ಲಗ್ ನೋಡಿ. ಎರಡು ಕಪ್ಪು ಉಂಗುರ ಇದ್ದರೆ ಟಿಆರ್‌ಎಸ್, ಒಂದೇ ಇದ್ದರೆ ಸಾಮಾನ್ಯ ಗಿಟಾರ್ ಕೇಬಲ್. ಬಾಸ್‌ಗೆ ಎರಡು ಉಂಗುರದ್ದೇ ಬೇಕು, ಒಂದು ಉಂಗುರದ್ದನ್ನು ಹಾಕಿದರೆ ಪೆಡಲ್‌ಗೆ ಹೋಗಬೇಕಾದ ವೋಲ್ಟೇಜ್ ನೇರ ಗ್ರೌಂಡ್ ಸೇರುತ್ತದೆ. ಕೇಬಲ್ ಸರಿ ಇದ್ದರೆ ತಂತಿಯ ಕ್ರಮ ಪರೀಕ್ಷಿಸಿ. ಬಾಸ್, ರೋಲ್ಯಾಂಡ್‌ನಲ್ಲಿ ಟಿಪ್ (ಪ್ಲಗ್‌ನ ತುದಿ) ಮತ್ತು ರಿಂಗ್ (ಎರಡು ಕಪ್ಪು ಉಂಗುರಗಳ ನಡುವಿನ ಭಾಗ) ಇರುವುದು ಒಂದು ರೀತಿ, ಯಮಹಾದಲ್ಲಿ ಅದರ ಉಲ್ಟಾ. ನೀವು ಹೇಳಿದ ಜಿಗಿತ ಹೆಚ್ಚಾಗಿ ಇದರದ್ದೇ ಲಕ್ಷಣ. ಕೆಲವು ಪೆಡಲ್‌ಗಳ ಅಡಿಯಲ್ಲಿ ಪೊಲಾರಿಟಿ ಸ್ವಿಚ್ ಇರುತ್ತದೆ, ಬದಲಿಸಿ ನೋಡಿ. ಇಲ್ಲದಿದ್ದರೆ ಟಿಪ್, ರಿಂಗ್ ಅದಲುಬದಲು ಬೆಸುಗೆ ಹಾಕಿದ ಕೇಬಲ್ ಮಾಡಿಸಿ. ಆಮೇಲಷ್ಟೇ ಕ್ಯಾಲಿಬ್ರೇಶನ್ (ಪೆಡಲ್‌ನ ಎರಡೂ ತುದಿಗಳನ್ನು ಮೆಷಿನ್‌ಗೆ ಗುರುತಿಸಿಕೊಡುವುದು). ತಂತಿ ತಪ್ಪಿದ್ದರೆ ಅದರಿಂದ ಏನೂ ಸರಿಹೋಗದು. (ಲೈನ್ 6ರ ಇಎಕ್ಸ್-1 ಪೆಡಲ್‌ಗೆ ಮಾತ್ರ ಒಂದು ಉಂಗುರದ ಕೇಬಲ್ಲೇ ಸಾಕು. ಸ್ನೇಹಿತರಿಂದ ಪೆಡಲ್ ಎರವಲು ತರುವಾಗ ಇದು ನೆನಪಿರಲಿ.)

ವಾಲ್ಯೂಮ್ ಬ್ಲಾಕ್ ಆಂಪ್‌ಗಿಂತ ಮೊದಲಿದ್ದರೆ ಪೆಡಲ್ ಇಳಿಸಿದಾಗ ಒರಟುತನ ಕಡಿಮೆಯಾಗುತ್ತದೆ, ಆಂಪ್ ಆದಮೇಲೆ, ಡಿಲೇಗೆ ಮುಂಚೆ ಇದ್ದರೆ ಬಣ್ಣ ಬದಲಾಗದೆ ಸದ್ದಷ್ಟೇ ಇಳಿಯುತ್ತದೆ, ಪ್ರತಿಧ್ವನಿಯೂ ಉಳಿಯುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್‌ನ ಆಂಪ್ ಸಾಫ್ಟ್‌ವೇರ್ ಅನ್ನು ಯುಎಸ್‌ಬಿ ಮಿಡಿ (ಸಂಗೀತ ಉಪಕರಣಗಳ ನಡುವೆ ಆದೇಶ ಕಳಿಸುವ ವ್ಯವಸ್ಥೆ) ಫುಟ್‌ಸ್ವಿಚ್‌ನಿಂದ ನಡೆಸುತ್ತೇನೆ. ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಡಿಸ್ಟಾರ್ಶನ್ ಇರುತ್ತದೆ, ಕಾಲು ತೆಗೆದರೆ ಹೋಗುತ್ತದೆ.
— ಓದುಗರು, ಮಂಗಳೂರು

ಉತ್ತರ: ನಿಮ್ಮ ಸ್ವಿಚ್ ಮೊಮೆಂಟರಿ ಮೋಡ್‌ನಲ್ಲಿದೆ. ಒತ್ತಿದಾಗ 127, ಬಿಟ್ಟಾಗ 0 ಕಳಿಸುತ್ತಿದೆ. ಫುಟ್‌ಸ್ವಿಚ್‌ನ ಸೆಟಪ್‌ನಲ್ಲಿ ಟಾಗಲ್ ಅಥವಾ ಲ್ಯಾಚ್ (ಒಮ್ಮೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್) ಆರಿಸಿ, ಸಾಫ್ಟ್‌ವೇರ್‌ನಲ್ಲಿ ಮಿಡಿ ಲರ್ನ್ (ಯಾವ ಸ್ವಿಚ್‌ಗೆ ಯಾವ ಕೆಲಸ ಎಂದು ಕಲಿಸುವುದು) ಮತ್ತೊಮ್ಮೆ ಮಾಡಿ. ಎರಡೂ ಕಡೆ ಟಾಗಲ್ ಇಟ್ಟರೆ ಎರಡು ಸಲ ಒತ್ತಬೇಕಾದೀತು. ಮಿಡಿ ನಾಬ್ ಬಳಸುವವರಾದರೆ ಪಿಕಪ್ ಮೋಡ್ (ನಾಬ್ ಸಾಫ್ಟ್‌ವೇರ್‌ನ ಅಂಕಿಯನ್ನು ತಲುಪುವವರೆಗೆ ಏನೂ ಬದಲಾಗದ ವ್ಯವಸ್ಥೆ) ಇದೆಯೇ ನೋಡಿ. ಅದಿಲ್ಲದೆ ನಾಬ್ 100ರಲ್ಲಿದ್ದು ಸಾಫ್ಟ್‌ವೇರ್ 20ರಲ್ಲಿದ್ದರೆ, ಮುಟ್ಟಿದ ತಕ್ಷಣ ಸದ್ದು ಸಭಿಕರ ಕಿವಿಗೆ ಬಡಿಯುತ್ತದೆ. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಇದ್ದರೆ ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡ್ ತಡ. ಅದಕ್ಕಿಂತ ಇಳಿಸಿ ಚಟಪಟ ಸದ್ದು ಬರಿಸಿಕೊಳ್ಳುವುದಕ್ಕಿಂತ ಇದೇ ವಾಸಿ. ಬ್ಲೂಟೂತ್ ಬೇಡ, ಕೇಬಲ್ಲೇ ಇರಲಿ.

ಪ್ರಶ್ನೆ: ಗಣೇಶೋತ್ಸವದ ವೇದಿಕೆಯಲ್ಲಿ ಜನರೇಟರ್‌ಗೆ ಬದಲಾದಾಗಲೆಲ್ಲ ಪ್ರೊಸೆಸರ್ ರೀಸ್ಟಾರ್ಟ್ ಆಗುತ್ತದೆ.
— ಓದುಗರು, ದಾವಣಗೆರೆ

ಉತ್ತರ: ಚಿಕ್ಕ ಯುಪಿಎಸ್ ಒಂದೇ ದಾರಿ. ಅದಕ್ಕೆ ಪ್ರೊಸೆಸರ್, ವೈರ್‌ಲೆಸ್ ರಿಸೀವರ್ ಮಾತ್ರ ಜೋಡಿಸಿ, ಪವರ್ಡ್ ಸ್ಪೀಕರ್ ಬೇಡ. ಅಡಾಪ್ಟರ್ ಕಂಪನಿಯದ್ದೇ ಇರಲಿ. ಎಚ್‌ಎಕ್ಸ್ ಸ್ಟಾಂಪ್‌ನದು 9 ವೋಲ್ಟ್, 3 ಆಂಪಿಯರ್. ಮಾಮೂಲಿ ಪೆಡಲ್‌ನ 500 ಮಿಲಿಆಂಪಿಯರ್ ಅಡಾಪ್ಟರ್ ಇದಕ್ಕೆ ಸಾಲದು. ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನಂಥ ಮೂರು ಪಿನ್ನಿನ) ಔಟ್‌ಪುಟ್ ಇರುವ ಪ್ರೊಸೆಸರ್ ಆದರೆ, ಮಿಕ್ಸರ್‌ನ ಆ ಚಾನೆಲ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ (ಕೆಲವು ಮೈಕ್‌ಗಳಿಗೆ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಆಫ್ ಮಾಡಲು ಸೌಂಡ್‌ನವರಿಗೆ ಸೌಂಡ್‌ಚೆಕ್‌ಗೆ ಮೊದಲೇ ಹೇಳಿಬಿಡಿ.