ಕಾನ್ಸಸ್‌ನ ಹಳ್ಳಿಗಾಡಿನ ಕೌಂಟಿಗೆ ಹೋಗುವ ಮೊದಲು ಅಲ್ಲಿನ ಮನೆ ಖರ್ಚು ಕೈಗೆಟುಕುತ್ತದೆಯೇ ಎಂದು ನೋಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಹೆಂಡತಿಗೆ ಗಾರ್ಡನ್ ಸಿಟಿ ಕಡೆಯ ಆಸ್ಪತ್ರೆಯೊಂದರಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲೆ ಕೆಲಸ, ವರ್ಷಕ್ಕೆ 60,000 ಡಾಲರ್. ನೀವು ಎಚ್-4, ಅಂದರೆ ಅವರ ಸಂಗಾತಿಯಾಗಿ ಸಿಗುವ ವೀಸಾ. ವೆಬ್‌ಸೈಟುಗಳಲ್ಲಿ ಬಾಡಿಗೆ 800 ಡಾಲರ್ ಎಂದು ಕಾಣುತ್ತಿದೆ. ಅದನ್ನು ನಂಬಿ ಹೊರಡಬಹುದೇ?

ಆ 800 ಸುಳ್ಳಲ್ಲ. ಆದರೆ ಅದು ಈಗಾಗಲೇ ಅಲ್ಲಿ ಇರುವವರು ಕೊಡುತ್ತಿರುವ ಬಾಡಿಗೆ, ನಿಮಗೆ ಸಿಗುವ ಮನೆಯ ಬಾಡಿಗೆಯಲ್ಲ. ಪಶ್ಚಿಮ ಕಾನ್ಸಸ್‌ನಲ್ಲಿ ಬಾಡಿಗೆ ದುಬಾರಿ ಎನ್ನುವುದಕ್ಕಿಂತ ಖಾಲಿ ಮನೆ ಸಿಗುವುದೇ ಕಷ್ಟ. ಊರಾಚೆ ಸಿಕ್ಕಿತು ಎಂದುಕೊಳ್ಳಿ, ಬಾಡಿಗೆಯಲ್ಲಿ ಕಾಣದ ಖರ್ಚುಗಳು ಹಿಂದೆಯೇ ಬರುತ್ತವೆ.

ಮೊದಲು ಆ ಅಂಕಿ ಎಲ್ಲಿಂದ ಬರುತ್ತದೆ ನೋಡಿ. ಜನಗಣತಿ ಇಲಾಖೆಯ ಅಮೆರಿಕನ್ ಕಮ್ಯೂನಿಟಿ ಸರ್ವೆ 65,000ಕ್ಕಿಂತ ಕಡಿಮೆ ಜನರಿರುವ ಕೌಂಟಿಗಳಿಗೆ ಒಂದೊಂದು ವರ್ಷದ ಪೂರ್ತಿ ಲೆಕ್ಕ ಕೊಡುವುದಿಲ್ಲ, ವಿವರ ಬೇಕೆಂದರೆ ಐದು ವರ್ಷ ಸೇರಿಸಿದ ಲೆಕ್ಕವೇ. ಗಾರ್ಡನ್ ಸಿಟಿ ಇರುವ ಫಿನ್ನಿ ಕೌಂಟಿಯೂ ಆ ಮಿತಿಯ ಒಳಗೇ ಬರುತ್ತದೆ. ಹತ್ತು ವರ್ಷದಿಂದ ಒಂದೇ ಮನೆಯಲ್ಲಿ ಹಳೇ ಬಾಡಿಗೆಗೆ ಕೂತವರೂ ಆ ಮಧ್ಯಮ (ಮೀಡಿಯನ್) ಬಾಡಿಗೆಯಲ್ಲಿ ಸೇರಿರುತ್ತಾರೆ. ಅಂಕಿಯ ಪಕ್ಕದಲ್ಲಿ ಪ್ಲಸ್-ಮೈನಸ್ ಗುರುತಿನ ಕಾಲಂ ಇರುತ್ತದೆ, ಅದನ್ನು ಬಿಡಬೇಡಿ: 780, ಪ್ಲಸ್-ಮೈನಸ್ 150 ಎಂದಿದ್ದರೆ ಬಾಡಿಗೆ 630 ಇದ್ದೀತು, 930 ಇದ್ದೀತು. ಗ್ರೀಲಿ ಕೌಂಟಿಯಂಥ ಕಡೆ (2020ರ ಜನಗಣತಿಯಲ್ಲಿ 1,300 ಜನವೂ ಇರಲಿಲ್ಲ) ಈ ಅಂಕಿಯ ಮೇಲೆ ಏನನ್ನೂ ಕಟ್ಟಲಾಗದು.

ಜನಗಣತಿ ಇಲಾಖೆಯ ಸೈಟಿನಲ್ಲಿ ಬಿ25004 ಎಂಬ ಟೇಬಲ್ ತೆಗೆಯಿರಿ. ನನ್ನ ಮಟ್ಟಿಗೆ ಬಾಡಿಗೆ ಅಂಕಿಗಿಂತ ಇದೇ ಮುಖ್ಯ. ಖಾಲಿ ಮನೆಗಳನ್ನು ಇದು ಬಗೆಬಗೆಯಾಗಿ ಎಣಿಸುತ್ತದೆ: ಬಾಡಿಗೆಗಿರುವುದು, ಮಾರಾಟಕ್ಕಿರುವುದು, ಆಗಾಗ ಬಂದು ಹೋಗುವವರದು, ಕೊನೆಯಲ್ಲಿ 'ಇತರೆ'. ಕೌಂಟಿಯಲ್ಲಿ ನೂರಕ್ಕೆ ಹದಿನೈದು ಮನೆ ಖಾಲಿ ಎಂದು ಓದಿ ಖುಷಿಪಟ್ಟವರು ಈ ಟೇಬಲ್ ನೋಡಿರುವುದಿಲ್ಲ. ಹೆಚ್ಚಿನವು 'ಇತರೆ' ಸಾಲಿನಲ್ಲಿರುತ್ತವೆ. ಅಂದರೆ ಹೊಲದ ನಡುವೆ ಮಾಡು ಕುಸಿದು ನಿಂತ, ವಾರಸುದಾರರು ಡೆನ್ವರಿನಲ್ಲೋ ಎಲ್ಲೋ ಇರುವ ಹಳೇ ಮನೆಗಳು. 'ಬಾಡಿಗೆಗೆ' ಎಂಬ ಸಾಲಿನಲ್ಲಿ ಎಷ್ಟಿದೆ, ಅಷ್ಟೇ ನಿಮ್ಮ ಲೆಕ್ಕ.

ಎರಡನೆಯ ಅಂಕಿ, ಹಡ್ ಎನ್ನುವ ಕೇಂದ್ರ ವಸತಿ ಇಲಾಖೆಯ 'ಫೇರ್ ಮಾರ್ಕೆಟ್ ರೆಂಟ್'. ಪ್ರತಿವರ್ಷ ಅಕ್ಟೋಬರ್ 1ರಿಂದ ಹೊಸದು ಜಾರಿಗೆ ಬರುತ್ತದೆ. ಇದರಲ್ಲಿ ಕರೆಂಟು, ಗ್ಯಾಸು, ನೀರು ಸೇರಿದೆ, ಇಂಟರ್ನೆಟ್ ಸೇರಿಲ್ಲ. ಇದು ಸರಾಸರಿಯಲ್ಲ, ಬಾಡಿಗೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನೂರರಲ್ಲಿ ನಲವತ್ತನೆಯದು. ಹಾಗಾಗಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ ಎಂದು ಹಿಡಿಯಿರಿ.

ಇನ್ನು ನಿಮ್ಮ ಕಡೆಯ ಲೆಕ್ಕ. ತಿಂಗಳಿಗೆ ತೆರಿಗೆಗೆ ಮುಂಚಿನ ಸಂಬಳ 5,000. ಬಾಡಿಗೆ, ಕರೆಂಟು, ಗ್ಯಾಸು, ನೀರು ಎಲ್ಲ ಸೇರಿ ನೂರಕ್ಕೆ 30, ಅಂದರೆ 1,500 ದಾಟಿದರೆ ಹಡ್ ಪ್ರಕಾರ ಅದು ಹೊರೆ. ಈ ಸೂತ್ರ ಪೇಟೆಗೆ ಸರಿ, ಹಳ್ಳಿ ಕಡೆ ಅರ್ಧ ಸತ್ಯ, ಏಕೆಂದರೆ ಕಾರು ಅದರೊಳಗಿಲ್ಲ. ಬಸ್ಸನ್ನು ನಂಬಿ ಕೆಲಸಕ್ಕೆ ಹೋಗುವ ಜಾಗವಲ್ಲ ಅದು. ಮನೆ ಮತ್ತು ಓಡಾಟ ಎರಡೂ ಸೇರಿ ನೂರಕ್ಕೆ 45, ನಿಮಗೆ 2,250 ಡಾಲರ್, ಎಂಬ ಇನ್ನೊಂದು ಅಳತೆಗೋಲಿದೆ. ನಾನು ಅದನ್ನೇ ಬಳಸಲು ಹೇಳುತ್ತೇನೆ. ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕೆಲಸ ಕೊಟ್ಟವರು ಹಾಕುವ ಅರ್ಜಿ) ಮಂಜೂರಾಗದೆ ಸಾಮಾನ್ಯವಾಗಿ ನಿಮಗೆ ಕೆಲಸದ ಪರವಾನಗಿ ಬರುವುದಿಲ್ಲ, ಆದ್ದರಿಂದ ಎರಡನೇ ಸಂಬಳವನ್ನು ಲೆಕ್ಕಕ್ಕೆ ತರಬೇಡಿ.

ಊರಿನಿಂದ 25 ಮೈಲಿ ದೂರದ ಒಂಟಿ ಮನೆ 850ಕ್ಕೆ, ಊರೊಳಗಿನ ಮನೆ 1,150ಕ್ಕೆ ಸಿಗುತ್ತಿದೆ ಎಂದುಕೊಳ್ಳಿ. ತಿಂಗಳಿಗೆ 21 ದಿನ, ದಿನಕ್ಕೆ 50 ಮೈಲಿ, ಒಟ್ಟು 1,050 ಮೈಲಿ. ಅಮೆರಿಕದ ತೆರಿಗೆ ಇಲಾಖೆ 2025ಕ್ಕೆ ನಿಗದಿ ಮಾಡಿದ್ದು ಮೈಲಿಗೆ 70 ಸೆಂಟ್. ಪೆಟ್ರೋಲು, ಟೈರು, ವಿಮೆ, ಕಾರಿನ ಸವಕಳಿ ಎಲ್ಲ ಅದರೊಳಗೆ. ಅಲ್ಲಿಗೆ 735 ಡಾಲರ್. ಊರೊಳಗೆ 3 ಮೈಲಿ ದೂರವಾದರೆ 88. ದೂರದ ಮನೆಗೆ ಸಾಮಾನ್ಯವಾಗಿ ಪೈಪಿನ ಗ್ಯಾಸು ಬರುವುದಿಲ್ಲ, ಅಂಗಳದಲ್ಲಿ ಪ್ರೊಪೇನ್ ಟ್ಯಾಂಕ್ ಇರುತ್ತದೆ. 500 ಗ್ಯಾಲನ್ ಟ್ಯಾಂಕಿಗೆ ತುಂಬುವುದು ನೂರಕ್ಕೆ 80ರಷ್ಟು, ಅಂದರೆ 400 ಗ್ಯಾಲನ್. ಗ್ಯಾಲನ್‌ಗೆ 2.25 ಡಾಲರ್ ಹಿಡಿದರೆ ಒಂದು ಸಲಕ್ಕೆ 900. ಚಳಿಗಾಲಕ್ಕೆ ಎರಡು ಸಲವಾದರೆ, ವರ್ಷಕ್ಕೆ ಹರಡಿದಾಗ ತಿಂಗಳಿಗೆ 150. ಕರೆಂಟಿಗೆ 110 ಸೇರಿಸಿ. ದೂರದ ಮನೆ 1,845ಕ್ಕೆ ನಿಂತಿತು. ಊರೊಳಗಿನದು ಗ್ಯಾಸು, ಕರೆಂಟು, ನೀರಿಗೆ 230 ಸೇರಿಸಿದರೂ 1,468. ಅಗ್ಗದ ಮನೆಯೇ 377 ಡಾಲರ್ ದುಬಾರಿ! ನಿಮಗೆ ಎರಡನೇ ಕಾರು ಬೇಕಾದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ಟ್ಯಾಂಕ್ ಗ್ಯಾಸ್ ಕಂಪನಿಯದೋ ಮನೆ ಮಾಲೀಕರದೋ ಎಂದು ಕೇಳಿ. ಕಂಪನಿಯದಾದರೆ ಅದೇ ಕಂಪನಿಯಿಂದ ಅವರು ಹೇಳಿದ ರೇಟಿಗೆ ತುಂಬಿಸಬೇಕು.

ಅಂಥ ಮನೆಗೆ ನೀರು ಸ್ವಂತ ಬೋರ್‌ವೆಲ್‌ದು. ಅದನ್ನು ಸರ್ಕಾರ ಪರೀಕ್ಷೆ ಮಾಡುವುದಿಲ್ಲ, ನೀವೇ ಲ್ಯಾಬಿಗೆ ಕಳಿಸಬೇಕು. ಗೊಬ್ಬರ ಸುರಿಯುವ ಹೊಲಗಳ ನಡುವೆ ಕಾಡುವುದು ನೈಟ್ರೇಟ್; ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್-ನೈಟ್ರೋಜನ್ ಮಿತಿ. ನಮ್ಮ ಮನೆಗಳಲ್ಲಿ ನೀರು ಕಾಯಿಸಿ ಕುಡಿಯುವ ರೂಢಿ ಇದೆಯಲ್ಲ, ಇಲ್ಲಿ ಅದು ತಿರುಗುಬಾಣ: ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಹಸುಗೂಸು ಇರುವ ಮನೆಗೆ ಇದು ಅಪಾಯ. ಆರ್‌ಒ ಫಿಲ್ಟರ್ ಹಾಕಿದರೆ ತಗ್ಗುತ್ತದೆ. ಶೌಚದ ಸೆಪ್ಟಿಕ್ ಟ್ಯಾಂಕನ್ನು 3ರಿಂದ 5 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಹಿಂದಿನ ರಸೀದಿ ತೋರಿಸಲು ಹೇಳಿ.

ಬಾಡಿಗೆ ಮನೆ ಹುಡುಕಲು ದೊಡ್ಡ ಆ್ಯಪ್‌ಗಳನ್ನೇ ನೆಚ್ಚಬೇಡಿ. ಗಾರ್ಡನ್ ಸಿಟಿ, ಡಾಡ್ಜ್ ಸಿಟಿ, ಲಿಬರಲ್ ಮೂರೂ ದೊಡ್ಡ ಮಾಂಸದ ಕಾರ್ಖಾನೆಗಳ ಊರು, ಬಾಡಿಗೆಗೆ ಪೈಪೋಟಿ ಇದೆ. ಮನೆಗಳು ಬಾಯಿಂದ ಬಾಯಿಗೆ ಹೋಗಿಬಿಡುತ್ತವೆ. ಆಸ್ಪತ್ರೆಯ ಎಚ್‌ಆರ್‌ಗೆ ನೇರವಾಗಿ ಕೇಳಿ: ಕಳೆದ ವರ್ಷ ಸೇರಿದವರು ಎಲ್ಲಿದ್ದಾರೆ, ಎಷ್ಟು ಕೊಡುತ್ತಿದ್ದಾರೆ, ಮನೆ ಸಿಗಲು ಎಷ್ಟು ವಾರ ಹಿಡಿಯಿತು. ಈ ಮೂರನೆಯ ಉತ್ತರವೇ ಎಲ್ಲವನ್ನೂ ಹೇಳುತ್ತದೆ. ಕಾನ್ಸಸ್ ಕಾನೂನಿನಲ್ಲಿ ಸಾಮಾನು ಇಲ್ಲದ ಮನೆಗೆ ಡಿಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ, ಸಾಮಾನಿರುವ ಮನೆಗೆ ಒಂದೂವರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದವರು ಕೇಳಿದಷ್ಟು ಕೊಟ್ಟುಬಿಡುತ್ತಾರೆ. ಮನೆ ನೋಡುವ ಮೊದಲೇ ದುಡ್ಡು ಕಳಿಸಿ ಎಂದರೆ ಅಲ್ಲಿಗೇ ಬಿಡಿ.

ಕೊಳ್ಳುವ ಯೋಚನೆ ಮೊದಲ ವರ್ಷ ಬೇಡ. ಕೆಲಸ ಹೋದರೆ ಎಚ್-1ಬಿಯವರಿಗೆ ಇರುವುದು ಹೆಚ್ಚೆಂದರೆ 60 ದಿನ. ಸಣ್ಣ ಊರಿನಲ್ಲಿ ಅಷ್ಟರೊಳಗೆ ಮನೆ ಮಾರಾಟವಾಗುವ ಖಾತ್ರಿ ಇಲ್ಲ. ಮುಂಗಡವಿಲ್ಲದೆ ಸಿಗುವ ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಗ್ರಾಮೀಣ ಸಾಲ ಎಚ್-1ಬಿ ಇರುವವರಿಗೆ ಇಲ್ಲ. ಕೇಂದ್ರ ಸರ್ಕಾರದ ವಿಮೆ ಇರುವ ಎಫ್‌ಎಚ್‌ಎ ಸಾಲವೂ 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದವರಿಗೆ ನಿಂತಿದೆ. ಉಳಿದದ್ದು ಸಾಮಾನ್ಯ ಬ್ಯಾಂಕ್ ಸಾಲ.

ಮುಂದೆ ಕೊಳ್ಳುವಾಗ ನೆನಪಿರಲಿ, ಕಾನ್ಸಸ್‌ನಲ್ಲಿ ಮನೆ ಮಾರಾಟದ ಬೆಲೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದಿಲ್ಲ, ಹಾಗಾಗಿ ವೆಬ್‌ಸೈಟು ತೋರಿಸುವ ಅಂದಾಜು ಬೆಲೆ ಬರೀ ಅಂದಾಜೇ. ಆಸ್ತಿ ತೆರಿಗೆ ಹೀಗೆ ಲೆಕ್ಕ: ಕೌಂಟಿ ಕಟ್ಟಿದ ಬೆಲೆಯ ನೂರಕ್ಕೆ 11.5 ಭಾಗ, ಅದರ ಮೇಲೆ ಮಿಲ್ ದರ (ಒಂದು ಮಿಲ್ ಎಂದರೆ ಸಾವಿರ ಡಾಲರಿಗೆ ಒಂದು ಡಾಲರ್). 2 ಲಕ್ಷ ಡಾಲರ್ ಮನೆಗೆ 23,000; ದರ 150 ಮಿಲ್ ಇದ್ದರೆ ವರ್ಷಕ್ಕೆ ಸುಮಾರು 3,450. ಮಿಲ್ ದರ ಊರೂರಿಗೆ ಬೇರೆ, ಆದ್ದರಿಂದ ಕೌಂಟಿ ಕಚೇರಿಗೆ ಆ ಮನೆಯ ವಿಳಾಸ ಕೊಟ್ಟೇ ಕೇಳಿ. ವಿಮೆಯನ್ನೂ ಅದೇ ವಿಳಾಸದ ಮೇಲೆ, ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ. ಅಲ್ಲಿ ಆಲಿಕಲ್ಲು ಮಾಮೂಲು. ಗಾಳಿ-ಆಲಿಕಲ್ಲಿನ ಹಾನಿಯಲ್ಲಿ ಮನೆಯ ವಿಮೆ ಮೊತ್ತದ ನೂರಕ್ಕೆ 2 ನೀವೇ ಹೊರಬೇಕು ಎಂಬ ಷರತ್ತು ಇದ್ದರೆ 2.5 ಲಕ್ಷದ ವಿಮೆಗೆ 5,000 ಡಾಲರ್ ನಿಮ್ಮ ಜೇಬಿನಿಂದ. ಮಾಡಿನ ಹೊದಿಕೆ ಯಾವ ವರ್ಷ ಹಾಕಿದ್ದು, ಅಗ್ನಿಶಾಮಕ ಠಾಣೆ ರಸ್ತೆಯ ಮೇಲೆ 5 ಮೈಲಿಯೊಳಗಿದೆಯೇ, ಈ ಎರಡರ ಮೇಲೆ ಪ್ರೀಮಿಯಂ ತುಂಬಾ ಏರಿಳಿಯುತ್ತದೆ.